ಬೆಂಗ್ಳೂರಲ್ಲಿ ಮನೆ-ಸೈಟು ರೇಟು ಯಾವತ್ತಾದ್ರೂ ಇಳಿದಿದ್ಯಾ? ಹಳಬ್ರು ಸ್ವಲ್ಪ ಹೇಳಿ

ಕೆಂಗೇರಿ_ಕಿಟ್ಟಿ
ಎಲ್ರಿಗೂ ನಮಸ್ಕಾರ. ನಮ್ಮ ಮಾವನೋರದ್ದು ಒಂದೇ ರಾಗ, ಬೆಂಗ್ಳೂರಲ್ಲಿ ಭೂಮಿ ರೇಟು ಇಳಿದಿದ್ದು ಚರಿತ್ರೇಲೇ ಇಲ್ಲ, ಕಣ್ಮುಚ್ಕೊಂಡು ತಗೊಳಿ ಅಂತ. ಆಫೀಸಲ್ಲಿ ನಮ್ಮ ಲೀಡ್ ಹೇಳೋದು ಉಲ್ಟಾ, ಇದೆಲ್ಲ ಬಬಲ್ಲು, ಎಐ ಬಂದು ಐಟಿ ಕೆಲಸ ಅಲ್ಲಾಡಿದ್ರೆ ಅರ್ಧ ರೇಟಿಗೆ ಬೀಳತ್ತೆ, ಸುಮ್ನೆ ಕಾಯ್ತಿರು ಅಂತ. ನಾನು ಕೆಂಗೇರಿ ಉಪನಗರದಲ್ಲಿ ಬಾಡಿಗೆಗಿದೀನಿ, 24 ಸಾವ್ರ. ಮೈಸೂರು ರೋಡಲ್ಲಿ ನೋಡಿರೋ 2 ಬಿಎಚ್‌ಕೆಗೆ 1.05 ಕೋಟಿ ಹೇಳ್ತಿದಾರೆ, ಅದೇ ಸಾಲಲ್ಲಿ 2019ರಲ್ಲಿ 60 ಲಕ್ಷಕ್ಕೆ ತಗೊಂಡೋರು ನಂಗೇ ಗೊತ್ತಿದಾರೆ. ತಗೋ, ಬೇಡ ಅನ್ನೋ ಸಲಹೆ ಬೇಡ, ಅದು ಮನೇಲೇ ಸಾಕಷ್ಟು ಸಿಗ್ತಿದೆ. ನಂಗೆ ಬೇಕಾಗಿರೋದು ಇಷ್ಟೇ, ಇಲ್ಲಿ ಏರಿಳಿತಕ್ಕೆ ಸುತ್ತು ಅಂತ ಒಂದು ಇದ್ಯಾ? 90ರ ದಶಕ, 2008 ಎಲ್ಲ ಕಂಡಿರೋರು ಇದ್ರೆ ಹೇಳಿ.

ರಿಂಗ್‌ರೋಡ್_ರಾಜ
ಸುತ್ತು ಇದೆ ಗುರು, ದಿನಾ ಬೆಳಗ್ಗೆ ಸಿಲ್ಕ್ ಬೋರ್ಡಿಂದ ಹೆಬ್ಬಾಳಕ್ಕೆ ಸುತ್ತುತಾ ಇದೀನಲ್ಲ.

ಬಿ_ಖಾತಾ_ಬೋರಣ್ಣ
ನಿಮ್ಮ ಮಾವನೋರು ಹೇಳಿದ್ದೇ ಕರೆಕ್ಟು. ಇಲ್ಲಿ ಇಳಿದಿಲ್ಲ, ಇಳಿಯೋದೂ ಇಲ್ಲ. ಟಾಪಿಕ್ ಕ್ಲೋಸ್ ಮಾಡಿ.

ಬಸವನಗುಡಿ_ತಾತ
ಇಷ್ಟು ಬೇಗ ಕ್ಲೋಸ್ ಮಾಡ್ಬೇಡಿ ಬೋರಣ್ಣನವ್ರೇ. ನಾನು ಬ್ಯಾಂಕಲ್ಲಿ ಸಾಲದ ಸೆಕ್ಷನ್ನಲ್ಲೇ ಇದ್ದು ರಿಟೈರ್ ಆದೋನು, ಕಣ್ಣಾರೆ ನೋಡಿದ್ದು ಹೇಳ್ತೀನಿ.

1991ರಲ್ಲಿ ಉದಾರೀಕರಣ ಆಯ್ತಲ್ಲ, ಅದಾದ ಮೇಲೆ 93-95ರಲ್ಲಿ ಊರಿಗೆ ಒಂದು ಹುಚ್ಚು ಹಿಡೀತು. ಫಾರಿನ್ ಕಂಪ್ನಿಗಳು ಬರ್ತವಂತೆ, ಎನ್‌ಆರ್‌ಐ ದುಡ್ಡು ಬರತ್ತಂತೆ, ಅಂತೆ ಕಂತೆ ಮೇಲೇ ರೇಟು ಏರ್ತಿತ್ತು. 96ಕ್ಕೆ ಅದು ಉಸಿರು ಕಟ್ಟಿ ನಿಂತುಹೋಯ್ತು. ಅಲ್ಲಿಂದ 2002ರವರೆಗೆ, ನಂಬ್ತೀರೋ ಇಲ್ಲವೋ, ಜಯನಗರ ಬನಶಂಕರಿ ಕಡೆ ಅಪಾರ್ಟ್‌ಮೆಂಟು ತಗೊಂಡೋರು ಕೊಂಡ ರೇಟಿಗೂ ಮಾರಕ್ಕಾಗದೆ ಒದ್ದಾಡಿದಾರೆ. ಡಾಟ್‌ಕಾಮ್ ಬಿದ್ದಾಗಂತೂ ಕೇಳೋರೇ ಇಲ್ಲ. ಈ ಆರೇಳು ವರ್ಷ ನಿಮ್ಮ ಮಾವನೋರ ನೆನಪಲ್ಲಿ ಯಾಕಿಲ್ಲ ಅಂದ್ರೆ ಆಗ ಅವರು ಮಾರಕ್ಕೆ ಹೋಗಿರಲ್ಲ, ಅಷ್ಟೇ.

ಆಮೇಲೆ ಎದ್ದಿದ್ದು ಬರೀ ಐಟಿಯಿಂದ ಅಂತ ಎಲ್ಲರೂ ಹೇಳ್ತಾರೆ. ಅರ್ಧ ಸತ್ಯ ಅದು. ಉಳಿದರ್ಧ ಬಡ್ಡಿ. 96ರಲ್ಲಿ ಮನೆ ಸಾಲ 16% ಆಸುಪಾಸು, ಅವಧಿ ಸಾಮಾನ್ಯಕ್ಕೆ 15 ವರ್ಷ. ತಿಂಗಳಿಗೆ 10 ಸಾವ್ರ ಕಂತು ಕಟ್ಟೋ ಶಕ್ತಿ ಇರೋನಿಗೆ ಆ ಲೆಕ್ಕದಲ್ಲಿ 6.8 ಲಕ್ಷ ಸಾಲ ಬರ್ತಿತ್ತು. 2004ಕ್ಕೆ ಬಡ್ಡಿ 8%ಗೆ ಬಂತು, ಅವಧಿ 20 ವರ್ಷ ಆಯ್ತು. ಅದೇ 10 ಸಾವ್ರಕ್ಕೆ 12 ಲಕ್ಷ! ಸಂಬಳ ಒಂದು ಪೈಸೆ ಏರದೆ ಕೊಳ್ಳೋ ಶಕ್ತಿ ಮುಕ್ಕಾಲು ಪಾಲು ಜಾಸ್ತಿ ಆಯ್ತು. ಅದ್ರ ಮೇಲೆ ಬಡ್ಡಿಗೆ ಸಿಗೋ ಟ್ಯಾಕ್ಸ್ ವಿನಾಯ್ತಿನ 30 ಸಾವ್ರದಿಂದ ಮೆಟ್ಟಿಲು ಮೆಟ್ಟಿಲಾಗಿ 2001ರ ಬಜೆಟ್ಟಲ್ಲಿ ಒಂದೂವರೆ ಲಕ್ಷಕ್ಕೆ ತಂದ್ರು. ಮೊದಲು ಮನೆ ಸಾಲ ಅಂದ್ರೆ ಮುಖ ತಿರುಗಿಸ್ತಿದ್ದ ಬ್ಯಾಂಕುಗಳೇ ಆಮೇಲೆ ಕರೆದು ಕರೆದು ಕೊಟ್ವು. ಇಷ್ಟೆಲ್ಲ ಒಟ್ಟಿಗೆ ಬಂದ್ರೆ ರೇಟು ಏರದೆ ಇನ್ನೇನಾಗತ್ತೆ.

ಕೆಂಗೇರಿ_ಕಿಟ್ಟಿ
ತಾತ ಸೂಪರ್, ಇದನ್ನೇ ಕೇಳ್ತಿದ್ದೆ. ಅಂದ್ರೆ ಬಡ್ಡಿ ನೋಡ್ಕೊಂಡು ಕೂತ್ರೆ ಸಾಕಾ?

ಎಕ್ಸೆಲ್_ಶೀಟು
ಸಾಕಾಗಲ್ಲ. ಬಡ್ಡಿ ಥಿಯರಿ 2022ರಲ್ಲೇ ಮುರಿದು ಬಿತ್ತು. 2020 ಮೇನಲ್ಲಿ ರೆಪೋ (ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ) 4% ಇತ್ತು, 2023 ಫೆಬ್ರವರಿಗೆ 6.5% ಆಯ್ತು. ಆರೂಮುಕ್ಕಾಲಿದ್ದ ಮನೆ ಸಾಲ ಎಂಟೂವರೆ ದಾಟ್ತು. ತಾತನ ಲೆಕ್ಕದ ಪ್ರಕಾರ ರೇಟು ಕುಸೀಬೇಕಿತ್ತು. ಆಗಿದ್ದೇನು? ಬೆಂಗ್ಳೂರಲ್ಲಿ ಹತ್ತು ವರ್ಷದಲ್ಲಿ ಕಾಣದ ಓಟ ಅದೇ ಎರಡು ವರ್ಷದಲ್ಲಿ.

ಬಸವನಗುಡಿ_ತಾತ
ಬಡ್ಡಿ ಒಂದೇ ಕಾರಣ ಅಂತ ನಾನೆಲ್ಲಿ ಹೇಳ್ದೆ ಮಗಾ. ಅರ್ಧ ಅಂದೆ.

ಎಕ್ಸೆಲ್_ಶೀಟು
ಮಗಾ ಅಲ್ಲ, ಮಗಳು 🙂 ಸರಿ, ಅರ್ಧ ಒಪ್ಕೊಂಡೆ. ನನ್ನ ವಾದ ಬೇರೇನೇ ಇದೆ. "ಇಳಿದಿಲ್ಲ" ಅನ್ನೋ ಮಾತಲ್ಲೇ ಮೋಸ ಇರೋದು. ಇಲ್ಲಿ ರೇಟು ಬೀಳಲ್ಲ, ನಿಂತುಬಿಡತ್ತೆ. ನಿಂತಿದ್ದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ.

ನಮ್ಮಕ್ಕನ ಮನೆ ಉದಾಹರಣೆ ಕೊಡ್ತೀನಿ. ಕನಕಪುರ ರೋಡು, 2013ರಲ್ಲಿ 62 ಲಕ್ಷ. 2020ರಲ್ಲಿ ಅದೇ ಬಿಲ್ಡಿಂಗಲ್ಲಿ ಪಕ್ಕದ ಮನೆ ಮಾರಿದ್ದು 66ಕ್ಕೆ. ಎಲ್ರೂ "ನೋಡಿ, ಏರಿದೆ" ಅಂದ್ರು. ಇನ್‌ಕಮ್ ಟ್ಯಾಕ್ಸ್‌ನೋರ ಹಣದುಬ್ಬರದ ಇಂಡೆಕ್ಸ್ ತಗೊಳಿ, 2013-14ಕ್ಕೆ 220, 2020-21ಕ್ಕೆ 301. ಅಂದ್ರೆ 62 ಲಕ್ಷದ ಬೆಲೆ ಇದ್ದಲ್ಲೇ ಇರಬೇಕು ಅಂದ್ರೂ 85 ಲಕ್ಷ ಆಗ್ಬೇಕಿತ್ತು. ಸಿಕ್ಕಿದ್ದು 66. ಹತ್ರತ್ರ 22% ಬಿದ್ದಿದೆ! ಇದೇ ಒಂದೇ ವರ್ಷದಲ್ಲಿ 62 ಇದ್ದಿದ್ದು 48 ಆಗಿದ್ರೆ ಪೇಪರಲ್ಲಿ ಮುಖಪುಟ. ಏಳು ವರ್ಷ ಎಳೆದು ಬಿದ್ರೆ ಸುದ್ದಿನೇ ಅಲ್ಲ.

2024-25ಕ್ಕೆ ಅದೇ ಇಂಡೆಕ್ಸು 363. ಈಗ ಆ ಮನೆಗೆ 1.15 ಕೋಟಿ ಕೇಳ್ತಾರೆ. 62 ಲಕ್ಷವನ್ನ 363ರ ಲೆಕ್ಕಕ್ಕೆ ತಂದ್ರೆ 1.02 ಕೋಟಿ. ಡಬಲ್ ಆಯ್ತು ಡಬಲ್ ಆಯ್ತು ಅಂತಾರಲ್ಲ, ಹನ್ನೊಂದು ವರ್ಷಕ್ಕೆ ನಿಜವಾಗಿ ಬಂದ ಲಾಭ 13 ಲಕ್ಷ, ಅದೂ ಮೇಂಟೆನೆನ್ಸು, ಬಡ್ಡಿ ಕಳೀದೆ.

ಬಿ_ಖಾತಾ_ಬೋರಣ್ಣ
ಫ್ಲ್ಯಾಟ್ ಉದಾಹರಣೆ ಕೊಟ್ಟು ಭೂಮಿ ಬಗ್ಗೆ ಮಾತಾಡ್ಬೇಡಿ ಮೇಡಂ. ಫ್ಲ್ಯಾಟಲ್ಲಿ ನಿಮ್ಮದು ಅಂತ ಇರೋದು ಯುಡಿಎಸ್ಸು, ಅಂದ್ರೆ ಜಾಗದಲ್ಲಿ ನಿಮ್ಮ ಪಾಲು, ನಾನೂರು ಐನೂರು ಅಡಿ, ಮಿಕ್ಕಿದ್ದು ಸಿಮೆಂಟು, ವರ್ಷ ಆದಂಗೆ ಸವೀತದೆ. ಸೈಟು ಹಂಗಲ್ಲ. ನಾನು ಅಂದ್ರಹಳ್ಳಿ ಕಡೆ ಥರ್ಟಿ ಫಾರ್ಟಿ ರೆವಿನ್ಯೂ ಸೈಟು (ಕೃಷಿ ಜಮೀನಲ್ಲಿ ಮಂಜೂರಾತಿ ಇಲ್ಲದೆ ಮಾಡಿದ್ದು) ತಗೊಂಡಾಗ ನಕ್ಕೋರೆಲ್ಲ ಈಗ ಫೋನ್ ಮಾಡ್ತಾರೆ.

ಮತ್ತೆ ಬಾಡಿಗೆ ಉಳಿದಿದ್ದು ಲೆಕ್ಕ ಹಾಕಿದ್ರಾ? ನಿಮ್ಮಕ್ಕ ಆ ಮನೇಲೇ ಇದ್ರೋ ಇಲ್ವೋ?

ಎಕ್ಸೆಲ್_ಶೀಟು
ಇದ್ರು. ಬಾಡಿಗೆ ಉಳೀತು, ಒಪ್ದೆ. ಅದೇ ಹೊತ್ತಲ್ಲಿ ಒಂಬತ್ತು ಚಿಲ್ಲರೆ ಪರ್ಸೆಂಟು ಬಡ್ಡೀನೂ ಕಟ್ಟಿದಾರೆ. 62 ಲಕ್ಷದ ಮನೆಗೆ ಆಗ ಬರೋ ಬಾಡಿಗೆ 16-17 ಸಾವ್ರ, ಅಂದ್ರೆ ವರ್ಷಕ್ಕೆ 3 ಚಿಲ್ಲರೆ ಪರ್ಸೆಂಟು ಅಷ್ಟೇ.

ಸೇಲ್ಸ್_ಬಿಟ್ಟೋನು
"ರೇಟು ನಿಂತುಬಿಡತ್ತೆ" ಅಂದ್ರಲ್ಲ, ಅದು ಹೇಗೆ ನಿಲ್ಲತ್ತೆ ಅಂತ ಒಳಗಿನ ಕಥೆ ಹೇಳ್ತೀನಿ. ನಾನು ಬಿಲ್ಡರ್ ಆಫೀಸಲ್ಲಿ ಸೇಲ್ಸಲ್ಲಿದ್ದೆ, 2012ರಿಂದ 2019. ಹೆಸರೆಲ್ಲ ಕೇಳ್ಬೇಡಿ.

2014ರ ಕೊನೇಲಿ ಮಾಲು ಹೋಗೋದು ನಿಂತ್ತು. ಆದ್ರೆ ಅಡಿಗೆ 4,800 ಅಂತ ಬೋರ್ಡ್ ಹಾಕಿರೋದನ್ನ 4,300 ಮಾಡಕ್ಕೆ ಓನರ್ ಒಪ್ಪಲ್ಲ. ಯಾಕೆ? ಮೊದಲೇ ತಗೊಂಡಿರೋ ಇನ್ನೂರು ಜನ ಗೇಟ್ ಮುಂದೆ ಬಂದು ಕೂರ್ತಾರೆ, ಸಾಲ ಕೊಟ್ಟಿರೋ ಫೈನಾನ್ಸ್ ಕಂಪ್ನಿನೂ ಪ್ರಶ್ನೆ ಕೇಳತ್ತೆ. ಅದಕ್ಕೆ ಬೋರ್ಡ್ ರೇಟು ಅಲ್ಲೇ ಇರತ್ತೆ. ಕಾರ್ ಪಾರ್ಕಿಂಗ್ ಫ್ರೀ, ಮಾಡ್ಯುಲರ್ ಕಿಚನ್ ಫ್ರೀ, ರಿಜಿಸ್ಟ್ರೇಷನ್ ಖರ್ಚು ನಮ್ದು, ಯುಗಾದಿಗೆ ಚಿನ್ನದ ಕಾಯಿನ್ನು. ಇನ್ನೂ ದೊಡ್ಡದು, ಪೊಸೆಷನ್‌ವರೆಗೂ ನಿಮ್ಮ ಇಎಂಐ ಬಿಲ್ಡರೇ ಕಟ್ತಾನೆ ಅನ್ನೋ ಸ್ಕೀಮು. ಬಿಲ್ಡರ್ ಕೈ ಎತ್ತಿದ್ರೆ ಕಂತು ಗಿರಾಕಿ ತಲೆಗೆ ಬರ್ತಿತ್ತು, ಎಷ್ಟೋ ಕಡೆ ಬಂತೂ ಕೂಡ. 2019 ಜುಲೈನಲ್ಲಿ ನ್ಯಾಷನಲ್ ಹೌಸಿಂಗ್ ಬ್ಯಾಂಕು ಹೌಸಿಂಗ್ ಫೈನಾನ್ಸ್ ಕಂಪ್ನಿಗಳಿಗೆ ಇಂಥಾ ಸಾಲ ಕೊಡ್ಬೇಡಿ ಅಂತ ಹೇಳ್ತು.

ಇದೆಲ್ಲ ಕೂಡಿದ್ರೆ ಗಿರಾಕಿ ನಿಜವಾಗಿ ಕೊಡ್ತಿದ್ದಿದ್ದು 12-15% ಕಮ್ಮಿ, ಪೇಪರಲ್ಲಿ ಮಾತ್ರ 4,800. ಅದೇ ಬಿಲ್ಡಿಂಗಲ್ಲಿ ರೀಸೇಲ್ ಮನೆ 4,000ಕ್ಕೆ ಸಿಗ್ತಿತ್ತು. ಹಾಗಾಗಿ ಸುತ್ತು ನೋಡ್ಬೇಕು ಅಂದ್ರೆ ಬಿಲ್ಡರ್ ರೇಟ್‌ಕಾರ್ಡ್ ನೋಡ್ಬೇಡಿ, ರೀಸೇಲ್ ನೋಡಿ. ಯಾರಿಗೆ ಮಾರಲೇಬೇಕೋ ಅವನಿಗೆ ಸಿಗೋ ರೇಟೇ ರೇಟು.

ಬಾಡಿಗೆ_ಭಾಗ್ಯ
ಈಗ ಆ ಫ್ರೀ ಚಿನ್ನ ಎಲ್ಲಿ ಹೋಯ್ತೋ. ಈಗ ಹೋದ್ರೆ ಮೊದಲು ಚೆಕ್ ಕೊಡಿ, ಆಮೇಲೆ ಟೋಕನ್, ಆಮೇಲೆ ಯಾವ ಮನೆ ಅಂತ ಹೇಳ್ತೀವಿ ಅಂತಾರೆ. ದೇವಸ್ಥಾನದ ಕ್ಯೂನೇ ವಾಸಿ.

ಸೇಲ್ಸ್_ಬಿಟ್ಟೋನು
@ಬಾಡಿಗೆ_ಭಾಗ್ಯ ಅದೇ ಮೇಡಂ ಗುರುತು. ಗಿರಾಕಿ ಚೆಕ್ ಹಿಡ್ಕೊಂಡು ಲೈನಲ್ಲಿ ನಿಂತ ಅಂದ್ರೆ ಸುತ್ತಿನ ಮೇಲ್ಗಡೆ ಇದೀವಿ. ಬಿಲ್ಡರ್ ಗಿರಾಕಿ ಮನೆ ಬಾಗಿಲಿಗೆ ಕ್ಯಾಬ್ ಕಳಿಸ್ದ ಅಂದ್ರೆ ಕೆಳಗಡೆ.

ಹುಬ್ಳಿ_ಮಂದಿ
ಏನ್ರಿ ಬರೇ ಬೆಂಗ್ಳೂರು ಬೆಂಗ್ಳೂರು. ನಮ್ಮ ಹುಬ್ಬಳ್ಳಿ-ಧಾರವಾಡದಾಗೂ ಸುತ್ತು ಅದಾವ್ರಿ, ಆದ್ರ ಐಟಿ ಮ್ಯಾಲಲ್ಲ, ಸುದ್ದಿ ಮ್ಯಾಲ. 2008ರಾಗ ಹೈಕೋರ್ಟ್ ಪೀಠ ಬಂತು, ಧಾರವಾಡದ ಬಾಜೂಕಿನ ಬೇಲೂರು ಕಡೆ ಹೊಲ ಇದ್ದಾವರ ನಡಿಗಿನೇ ಬದಲಾತು. ಆಮ್ಯಾಲೆ 2016ರಾಗ ಐಐಟಿ ಬಂತು, ಮತ್ತೊಮ್ಮೆ ಏರಿಸಿದ್ರು. ಬಿಆರ್‌ಟಿಎಸ್ (ಬಸ್ಸಿಗೇ ಬ್ಯಾರೆ ದಾರಿ) ಬರತೈತಿ ಅಂತ ಹೇಳೇ ಮೂರು ಸಲ ಏರ್ಸ್ಯಾರ. ಬಸ್ ಬಂದ ಮ್ಯಾಲೆ ಯಾರೂ ಇಳಸಲಿಲ್ಲ. ಪ್ಲಾಟು ಮಾತ್ರ ಹಂಗ ಖಾಲಿ ಬಿದ್ದಾವ, ಜಾಲಿ ಬೆಳದಾವ.

ರಿಂಗ್‌ರೋಡ್_ರಾಜ
ನಮ್ಮಲ್ಲಿ ಸೈಟು ಅಂತೀವಿ, ನೀವು ಪ್ಲಾಟು ಅಂತೀರ, ಇದೇ ಗಲಿಬಿಲೀಲಿ ನಾನು ಒಂದ್ಸಲ ಹುಬ್ಬಳ್ಳೀಲಿ ಫ್ಲ್ಯಾಟ್ ನೋಡಕ್ಕೆ ಹೋಗಿ ಖಾಲಿ ಜಾಗ ನೋಡ್ಕೊಂಡು ಬಂದೆ.

ಕುಡ್ಲದವ
ಮಂಗಳೂರಲ್ಲಿ ಹಾಗಲ್ಲ ಮಾರಾಯ್ರೆ. ನಮ್ಮ ಮಾರ್ಕೆಟ್ಟು ಕಚ್ಚಾ ಎಣ್ಣೆ ರೇಟಿನ ಮೇಲೆ ನಡೆಯುವುದು. ಗಲ್ಫಿನಲ್ಲಿ ಕೆಲಸ ಇದ್ದರೆ ಕದ್ರಿ, ಬಿಜೈಯಲ್ಲಿ ಫ್ಲ್ಯಾಟ್ ಬುಕಿಂಗ್ ಆಗ್ತದೆ. 2014ರ ಮಧ್ಯದಲ್ಲಿ ಬ್ಯಾರಲಿಗೆ ನೂರು ಡಾಲರ್ ಮೇಲಿದ್ದ ಎಣ್ಣೆ 2016 ಜನವರಿಗೆ ಮೂವತ್ತಕ್ಕಿಂತ ಕೆಳಗೆ ಬಂತಲ್ಲ, ಆಮೇಲೆ ಇಲ್ಲಿ ಎಷ್ಟು ಬಿಲ್ಡಿಂಗ್ ಅರ್ಧಕ್ಕೆ ನಿಂತವು ಅಂತ ಲೆಕ್ಕ ಇಲ್ಲ. ಆದ್ರೂ ರೇಟು ಇಳಿಸಿದ್ದಾರಾ ಕೇಳಿದ್ರೆ ಇಲ್ಲ. ಬಾಗಿಲು ಹಾಕಿ ಇಡ್ತಾರೆ, ಬಾಡಿಗೆಗೂ ಕೊಡುವುದಿಲ್ಲ, ವರ್ಷಕ್ಕೊಮ್ಮೆ ಕೋಲಕ್ಕೋ ಮದುವೆಗೋ ಬಂದು ಧೂಳು ಹೊಡೆದು ಹೋಗುವುದು. ಶೀಟು ಅಕ್ಕ ಹೇಳಿದ್ದು ಸರಿ ಉಂಟು, ನಿಲ್ಲುವುದೇ ಇಳಿಯುವುದು.

ಸ್ಯಾನ್‌ಹೋಸೆ_ಸೀನ
ಇದನ್ನ ಇಲ್ಲಿ ಅಮೆರಿಕದವ್ರಿಗೆ ಹೇಳಿದ್ರೆ ಅರ್ಥನೇ ಆಗಲ್ಲ. 2008ರಲ್ಲಿ ಇಲ್ಲಿ ಮನೆಗಳು ನಿಜವಾಗ್ಲೂ ಅರ್ಧ ರೇಟಿಗೆ ಬಂದಿದ್ವು ಕೆಲವು ಊರಲ್ಲಿ. ಜನ ಕಂತು ಕಟ್ಟಕ್ಕಾಗದೆ ಕೀಲಿ ಬಿಟ್ಟು ಹೋದ್ರು, ಬ್ಯಾಂಕು ಸಿಕ್ಕಿದ ರೇಟಿಗೆ ಮಾರ್ತು. ಹೋಮರ್ ಹೊಯ್ಟ್ ಅಂತ ಒಬ್ರು 1933ರಲ್ಲೇ ಶಿಕಾಗೋ ಜಾಗದ ಬೆಲೆ ನೂರು ವರ್ಷದ್ದು ಹರಡಿಕೊಂಡು ಕೂತು ಸುಮಾರು 18 ವರ್ಷಕ್ಕೊಂದು ಸುತ್ತು ಬರತ್ತೆ ಅಂತ ತೋರಿಸಿದ್ರು, ಇವತ್ತಿಗೂ ಆ 18ನ್ನ ಹಿಡ್ಕೊಂಡು ಯೂಟ್ಯೂಬಲ್ಲಿ ಭವಿಷ್ಯ ಹೇಳೋರಿದಾರೆ. ಬೆಂಗ್ಳೂರಿಗೆ ಅದು ಕೂರತ್ತಾ?

ಎಕ್ಸೆಲ್_ಶೀಟು
ಕೂರಲ್ಲ. ನಮ್ಮಲ್ಲಿ ರೇಟು ಏರಿ ತುದಿ ಮುಟ್ಟಿದ ವರ್ಷಗಳನ್ನ ನೋಡಿ: 95, 2008, 2013-14, ಆಮೇಲೆ ಈಗಿನದ್ದು. ನಡುವಿನ ಅಂತರ 13, 5, 10+. ಯಾವ ಸಂಖ್ಯೆ ಬೇಕಾದ್ರೂ ಹುಡುಕ್ಕೋಬಹುದು. ನಾಲ್ಕು ಚುಕ್ಕಿ ಇಟ್ಕೊಂಡು ರಂಗೋಲಿ ಹಾಕೋಕೆ ಹೋಗಬಾರದು.

ಬಸವನಗುಡಿ_ತಾತ
ಸೀನಪ್ಪ, ನೀವು ಹೇಳಿದ ಕೀಲಿ ಬಿಟ್ಟು ಹೋಗೋ ವಿಷ್ಯ ಮುಖ್ಯ. ಇಲ್ಲಿ ಅದು ಯಾಕಾಗಲ್ಲ ಗೊತ್ತಾ? ಒಂದು, ನಮ್ಮಲ್ಲಿ ಸೈಟುಗಳಲ್ಲಿ ಬಹುಪಾಲು ಸಾಲ ಇಲ್ಲದೆ ಕೊಂಡಿರೋದು. ಊರಲ್ಲಿ ಗದ್ದೆ ಮಾರಿದ ದುಡ್ಡು, ಪಿಎಫ್ ದುಡ್ಡು, ಚೀಟಿ ಎತ್ತಿದ ದುಡ್ಡು, ಹೆಂಡತಿ ಒಡವೆ. ಕಂತೇ ಇಲ್ಲದೋನಿಗೆ ಮಾರೋ ಅವಸರ ಏನು? ಎರಡನೇದು, ಸಾಲ ಮಾಡಿದ್ರೂ ರಿಸರ್ವ್ ಬ್ಯಾಂಕು ಪೂರ್ತಿ ಕೊಡಕ್ಕೆ ಬಿಡಲ್ಲ, 75 ಲಕ್ಷ ದಾಟಿದ ಸಾಲಕ್ಕೆ ಆಸ್ತಿ ಬೆಲೆಯ 75% ಮಿತಿ. ಕೈಯಿಂದ ಕಾಲು ಭಾಗ ಹಾಕಿದೋನು ಸುಲಭಕ್ಕೆ ಬಿಟ್ಟು ಹೋಗಲ್ಲ, ಭಾವನ ಹತ್ರ ಸಾಲ ತಂದಾದ್ರೂ ಕಟ್ತಾನೆ. ಮಾರಲೇಬೇಕಾದೋರು ಕಮ್ಮಿ ಇದ್ದಾಗ ರೇಟು ಬೀಳಲ್ಲ, ವ್ಯಾಪಾರ ನಿಲ್ಲತ್ತೆ.

ಸ್ಯಾನ್‌ಹೋಸೆ_ಸೀನ
ಇದು ಸರಿಯಾದ ಪಾಯಿಂಟು ಸರ್. ಅಂದ್ರೆ ಇಳಿತ ಅನ್ನೋದು ಬೆಲೇಲಿ ಬರಲ್ಲ, ಕಾಲದಲ್ಲಿ ಬರತ್ತೆ.

ದೇವನಹಳ್ಳಿ_ಚಕ್ಕೋತ
ಮಾರಲೇಬೇಕಾದೋರು ಇರಲ್ಲ ಅಂತೀರ, ನಮ್ಮ ಕಡೆ ಬಂದು ನೋಡಿ. ನಮ್ದು ದೇವನಹಳ್ಳಿ ಹತ್ರ. 2005ರಲ್ಲಿ ಏರ್‌ಪೋರ್ಟ್ ಕೆಲಸ ಶುರುವಾದಾಗ ದಿನಾ ಬೆಳಗಾದ್ರೆ ಊರ ಮುಂದೆ ಬಿಳೀ ಕಾರು. ದೊಡ್ಡಪ್ಪ 2006ರಲ್ಲಿ ಎರಡೆಕರೆ ಮಾರಿದ್ರು, ಎಕರೆ 60 ಲಕ್ಷ. ದ್ರಾಕ್ಷಿ ತೋಟ ಅದು. ಆ ದುಡ್ಡಲ್ಲಿ ಇಬ್ರು ಹೆಣ್ಮಕ್ಕಳ ಮದುವೆ, ಒಂದು ಮನೆ, ಎರಡು ಸುಮೋ, ಮಿಕ್ಕಿದ್ದು ಕೈಸಾಲ. ತಗೊಂಡೋನು ಲೇಔಟ್ ಮಾಡಿ ಕಾಂಪೌಂಡು ಹಾಕಿ ಬಣ್ಣ ಬಳಿದ. 2008 ಮೇ 24ಕ್ಕೆ ಏರ್‌ಪೋರ್ಟ್ ಶುರುವಾಯ್ತು, ನಾಲ್ಕು ತಿಂಗಳಿಗೆ ಅಮೆರಿಕದಲ್ಲಿ ಬ್ಯಾಂಕು ಮುಳುಗ್ತು. ಆ ಲೇಔಟಲ್ಲಿ ಆಮೇಲೆ ಎಷ್ಟೋ ವರ್ಷ ಮನೇನೇ ಏಳಲಿಲ್ಲ, ನಮ್ಮ ಹಸುಗಳೇ ಮೇಯ್ತಿದ್ವು ಅಲ್ಲಿ. ಸೈಟು ತಗೊಂಡಿದ್ದ ಸಾಫ್ಟ್‌ವೇರ್‌ನೋರು ಬಂದು ಕಲ್ಲು ಎಲ್ಲಿದೆ ಅಂತ ನಮ್ಮನ್ನೇ ಕೇಳೋರು.

ಈಗ ಏರೋಸ್ಪೇಸು, ಫಾಕ್ಸ್‌ಕಾನು ಅಂತ ಮತ್ತೆ ಬಿಳೀ ಕಾರು ಬಂದಿದಾವೆ. ಈ ಸಲ ವ್ಯತ್ಯಾಸ ಏನಂದ್ರೆ ಚನ್ನರಾಯಪಟ್ಟಣ ಹೋಬಳಿ ರೈತರು ವರ್ಷಗಟ್ಲೆ ಕೂತು 1,777 ಎಕರೆ ಸ್ವಾಧೀನ ಬೇಡ ಅಂತ ಹೋರಾಡಿ 2025 ಜುಲೈನಲ್ಲಿ ಸರ್ಕಾರ ಕೈಬಿಡೋ ಹಂಗೆ ಮಾಡಿದ್ರು. ನಿಮ್ಮ ಸುತ್ತಲ್ಲಿ ನಾವು ಯಾವಾಗ್ಲೂ ಕೆಳಗಡೆನೇ ಮಾರಿರ್ತೀವಿ ಸ್ವಾಮಿ. ಮೇಲ್ಗಡೆ ಮಾರೋರು ಬೇರೆ ಜನ.

ಬಾಡಿಗೆ_ಭಾಗ್ಯ
@ದೇವನಹಳ್ಳಿ_ಚಕ್ಕೋತ ಇದನ್ನ ಯಾವ ರಿಯಲ್ ಎಸ್ಟೇಟ್ ಚಾನೆಲ್ಲೂ ಹೇಳಲ್ಲ. ದೊಡ್ಡಪ್ಪ ಈಗ ಹೇಗಿದಾರೆ?

ದೇವನಹಳ್ಳಿ_ಚಕ್ಕೋತ
ಚೆನ್ನಾಗಿದಾರೆ ಅಕ್ಕಾ. ಒಂದೆಕರೆ ಉಳಿಸ್ಕೊಂಡಿದ್ರು, ಅದ್ರಲ್ಲಿ ಈಗ ಲಾರಿ ನಿಲ್ಸಕ್ಕೆ ಬಾಡಿಗೆ ಕೊಟ್ಟವ್ರೆ. ದ್ರಾಕ್ಷಿಗಿಂತ ಜಾಸ್ತಿ ಬರ್ತದೆ ಅಂತಾರೆ.

ಬಿ_ಖಾತಾ_ಬೋರಣ್ಣ
ಎಲ್ಲ ಸರಿ, ಆದ್ರೆ ಒಂದು ಏರಿಯಾ ನಿಂತಾಗ ಇನ್ನೊಂದು ಓಡ್ತಿರತ್ತೆ. 2014-20 ಸತ್ತಿತ್ತು ಅಂತೀರಲ್ಲ, ಆಗ ಮೆಟ್ರೋ ಪಕ್ಕದಲ್ಲಿ ಸತ್ತಿತ್ತಾ? ಎಲ್ಲ ಏರಿಯಾಗೂ ಒಂದೇ ಪಂಚಾಂಗ ಅಲ್ಲ.

ಎಕ್ಸೆಲ್_ಶೀಟು
ಮೆಟ್ರೋದ್ದೇ ತಮಾಷೆ. ವೈಟ್‌ಫೀಲ್ಡಿಗೆ ಮೆಟ್ರೋ ಬಂದಿದ್ದು 2023 ಮಾರ್ಚ್, ಪೂರ್ತಿ ಲೈನು ಕೂಡಿದ್ದು ಅದೇ ಅಕ್ಟೋಬರ್. ಆದ್ರೆ "ಮೆಟ್ರೋ ಬರತ್ತೆ" ಅಂತ ರೇಟು ಏರಿಸಿದ್ದು ಅದಕ್ಕೂ ಎಷ್ಟೋ ವರ್ಷ ಮುಂಚೆ. ಬೊಮ್ಮಸಂದ್ರ ಹಳದಿ ಲೈನೂ ಅಷ್ಟೇ, ಓಡಕ್ಕೆ ಶುರುವಾಗಿದ್ದು 2025 ಆಗಸ್ಟಲ್ಲಿ, ಎಲೆಕ್ಟ್ರಾನಿಕ್ ಸಿಟಿ ಬ್ರೋಕರ್‌ಗಳು ಮೆಟ್ರೋ ಹೆಸರಲ್ಲಿ ಮೂರು ಸಲ ರೇಟು ಬದಲಾಯಿಸಿ ಆಗಿತ್ತು. ಹುಬ್ಬಳ್ಳಿ ಅಣ್ಣ ಹೇಳಿದ ಸುದ್ದಿ ಮಾರ್ಕೆಟ್ಟು ಇಲ್ಲೂ ಅದೇ. ಪೆರಿಫೆರಲ್ ರಿಂಗ್ ರೋಡ್ ಹೆಸರಲ್ಲಿ ಎಷ್ಟು ಸೈಟು ಮಾರಾಟ ಆಗಿವೆ, ರೋಡು ಎಲ್ಲಿ?

ಬಾಡಿಗೆ_ಭಾಗ್ಯ
ಬಾಡಿಗೆ ಸುತ್ತು ಯಾರೂ ಹೇಳ್ತಿಲ್ಲ, ಅದು ಮನೆ ರೇಟಿಗಿಂತ ಬೇಗ ತಿರುಗತ್ತೆ. 2020-21ರಲ್ಲಿ ನಮ್ಮ ಬಿಟಿಎಂ ರೋಡಲ್ಲಿ ಪ್ರತಿ ಎರಡನೇ ಗೇಟಿಗೆ ಟು-ಲೆಟ್ ಬೋರ್ಡು. ಪಿಜಿಗಳು ಮಂಚ ಮಾರ್ಕೊಂಡ್ರು. ಓನರ್ ಆಂಟಿ ನಂಗೆ ಮೂರು ಸಾವ್ರ ಕಮ್ಮಿ ಮಾಡಿ, ಹೋಗ್ಬೇಡಮ್ಮ ಅಂದ್ರು, ಹಬ್ಬಕ್ಕೆ ಹೋಳಿಗೆ ಬೇರೆ. 2022ರ ಕೊನೇಲಿ ಆಫೀಸುಗಳು ವಾಪಸ್ ಕರೆದವು ನೋಡಿ, ಅದೇ ಆಂಟಿ 18ರಿಂದ 28ಕ್ಕೆ ಹೋದ್ರು. ಹೊಸ ಮನೆ ನೋಡಕ್ಕೆ ಹೋದ್ರೆ ಯಾವ ಕಂಪ್ನಿ, ಎಷ್ಟು ಪ್ಯಾಕೇಜು, ಲಿಂಕ್ಡ್‌ಇನ್ ಪ್ರೊಫೈಲ್ ಕಳ್ಸಿ ಅಂತ ಇಂಟರ್‌ವ್ಯೂ. ಹತ್ತು ತಿಂಗಳ ಅಡ್ವಾನ್ಸು ಬೇರೆ, ಬಿಡೋವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡ್ಕೊಳೋದು ಬೇರೆ.

ಅದಾದ ಒಂದು ವರ್ಷಕ್ಕೆ ಮನೆ ರೇಟು ಹಾರಿದ್ದು. ಬಾಡಿಗೆ ಅಷ್ಟಾದ್ಮೇಲೆ "ಇಎಂಐನೇ ಕಟ್ಟೋಣ" ಅಂತ ನಮ್ಮ ಟೀಮಲ್ಲೇ ನಾಲ್ಕು ಜನ ಬುಕ್ ಮಾಡಿದ್ರು. ನಂಗನಿಸೋದು ರೇಟು ಏರಿದ್ದಕ್ಕೆ ಬಡ್ಡಿಗಿಂತ ಓನರ್ ಆಂಟಿಯರೇ ಕಾರಣ.

ಸೇಲ್ಸ್_ಬಿಟ್ಟೋನು
ಭಾಗ್ಯ ಅವ್ರು ಹೇಳಿದ್ದರಲ್ಲಿ ಹುರುಳಿದೆ. ಇನ್ನೊಂದು ಕಾರಣ, ಮಾಲೇ ಕಮ್ಮಿ ಇತ್ತು. 2016 ನವೆಂಬರ್ ನೋಟ್ ಬ್ಯಾನು, 2017 ಜುಲೈನಲ್ಲಿ ಜಿಎಸ್‌ಟಿ, ಅದೇ ತಿಂಗಳು ಕರ್ನಾಟಕದಲ್ಲಿ ರೇರಾ (ಬಿಲ್ಡರ್‌ಗಳನ್ನ ಹಿಡಿತದಲ್ಲಿಡೋ ಕಾಯ್ದೆ) ನಿಯಮ, 2018 ಸೆಪ್ಟೆಂಬರ್‌ನಲ್ಲಿ ಐಎಲ್‌ಎಫ್‌ಎಸ್ ಅನ್ನೋ ದೊಡ್ಡ ಸಾಲ ಸಂಸ್ಥೆ ಮುಳುಗಿ ಫೈನಾನ್ಸ್ ಕಂಪ್ನಿಗಳು ಸಾಲ ನಿಲ್ಸಿದ್ವು, ಆಮೇಲೆ ಕೊರೋನಾ. ಒಬ್ಬನ ದುಡ್ಡಲ್ಲಿ ಇನ್ನೊಬ್ಬನ ಬಿಲ್ಡಿಂಗ್ ಏಳಿಸ್ತಿದ್ದ ಸಣ್ಣ ಬಿಲ್ಡರ್‌ಗಳು ಈ ಐದು ವರ್ಷದಲ್ಲಿ ಎದ್ದುಹೋದ್ರು. 2022ರಲ್ಲಿ ಗಿರಾಕಿ ಬಂದಾಗ ಅಂಗಡೀಲಿ ನಾಲ್ಕೈದು ದೊಡ್ಡೋರು ಮಾತ್ರ. ಅವ್ರು ಹೇಳಿದ್ದೇ ರೇಟು. 2 ಬಿಎಚ್‌ಕೆ ಕಟ್ಟೋದು ಬಿಟ್ಟು 3 ಬಿಎಚ್‌ಕೆ ಲಕ್ಷುರಿ ಅಂತ ಶುರು ಮಾಡಿದ್ರು.

ಬಿ_ಖಾತಾ_ಬೋರಣ್ಣ
ಅದಕ್ಕೇ ಹೇಳಿದ್ದು ಸೈಟು ತಗೊಳಿ ಅಂತ. ಬಿಲ್ಡರ್ ಕಾಟ ಇಲ್ಲ.

ಬಸವನಗುಡಿ_ತಾತ
ಬೋರಣ್ಣನವ್ರೇ, ರೆವಿನ್ಯೂ ಸೈಟಿಗೆ ಬೇರೆ ಸುತ್ತು ಇದೆ, ಅದು ಸರ್ಕಾರದ ಸುತ್ತು. 2007ರಲ್ಲಿ 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದ್ರು, ಅಕ್ರಮ-ಸಕ್ರಮ ಅಂದ್ರು, ಬಿ ಖಾತಾ (ಪೂರ್ತಿ ಸಕ್ರಮ ಆಗದ ಆಸ್ತಿಯ ಖಾತೆ) ಸೈಟಿಗೆಲ್ಲ ರೆಕ್ಕೆ ಬಂತು. 2017 ಜನವರೀಲಿ ಸುಪ್ರೀಂ ಕೋರ್ಟು ತಡೆ ಕೊಡ್ತು, ರೆಕ್ಕೆ ಮುದುರ್ತು. 2024 ಅಕ್ಟೋಬರ್‌ನಲ್ಲಿ ರಿಜಿಸ್ಟ್ರೇಷನ್‌ಗೆ ಇ-ಖಾತಾ ಬೇಕೇ ಬೇಕು ಅಂದ್ರು, ಕೆಲವು ವಾರ ಸಬ್‌ರಿಜಿಸ್ಟ್ರಾರ್ ಆಫೀಸುಗಳಲ್ಲಿ ಕೆಲಸವೇ ನಡೀಲಿಲ್ಲ. ಈಗ ಬಿ ಇಂದ ಎ ಮಾಡ್ಕೊಡ್ತೀವಿ ಅಂತಿದಾರೆ, ಮತ್ತೆ ರೆಕ್ಕೆ. ಇದು ಮಾರ್ಕೆಟ್ ಅಲ್ಲ, ಫೈಲು.

ಬಿ_ಖಾತಾ_ಬೋರಣ್ಣ
ಫೈಲೋ ಪಾಯಿಲೋ, ನನ್ನ ಸೈಟು ಹತ್ತು ಪಟ್ಟಾಗಿದೆ.

ಎಕ್ಸೆಲ್_ಶೀಟು
ಎಷ್ಟಕ್ಕೆ ಮಾರಿದ್ರಿ?

ಬಿ_ಖಾತಾ_ಬೋರಣ್ಣ
ಮಾರಿಲ್ಲ. ಕೇಳ್ತಾರೆ.

ಎಕ್ಸೆಲ್_ಶೀಟು
😐

ಕೆಂಗೇರಿ_ಕಿಟ್ಟಿ
ಹಹ್ಹ. ಒಂದು ಡೌಟು, ರಿಸರ್ವ್ ಬ್ಯಾಂಕಿನೋರು ಮೂರು ತಿಂಗಳಿಗೊಮ್ಮೆ ಮನೆ ಬೆಲೆ ಸೂಚ್ಯಂಕ ಬಿಡ್ತಾರಲ್ಲ, ಬೆಂಗ್ಳೂರೂ ಇದೆ ಅದ್ರಲ್ಲಿ. ಅದನ್ನ ನೋಡಿದ್ರೆ ಸುತ್ತು ಕಾಣಲ್ವಾ? ನಂಗೆ ಬರೀ ಮೇಲಕ್ಕೆ ಹೋಗೋ ಗೆರೆ ಕಂಡಂಗಾಯ್ತು.

ಎಕ್ಸೆಲ್_ಶೀಟು
ಅದು ನೋಂದಣಿ ಇಲಾಖೆ ದಾಖಲೆ ಮೇಲೆ ಮಾಡೋದು. ನಮ್ಮೂರಲ್ಲಿ ನೋಂದಣಿ ಯಾವ ರೇಟಿಗೆ ಆಗತ್ತೆ? ಸೈಟು, ಇಂಡಿಪೆಂಡೆಂಟ್ ಮನೆ ಆದ್ರೆ ಬಹಳ ಸಲ ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ನಿಗದಿ ಮಾಡೋ ಕನಿಷ್ಠ ರೇಟು) ಆಸುಪಾಸಿಗೆ, ಮಿಕ್ಕಿದ್ದು ಕ್ಯಾಶು. ಹಾಗಾಗಿ 2023 ಅಕ್ಟೋಬರ್ 1ಕ್ಕೆ ಗೈಡೆನ್ಸ್ ವ್ಯಾಲ್ಯೂ ಏರಿಸಿದ್ರಲ್ಲ, ಆಗ ಒಂದು ಇಟ್ಟಿಗೆ ಅಲ್ಲಾಡದೆ ಇದ್ರೂ ದಾಖಲೇಲಿ ರೇಟು ಏರತ್ತೆ. ಮಾರ್ಕೆಟ್ ತಣ್ಣಗಿದ್ದಾಗ ಬ್ಲ್ಯಾಕ್ ಪಾಲು ಕಮ್ಮಿ ಆಗತ್ತೆ, ದಾಖಲೆ ರೇಟು ಹಂಗೇ ಇರತ್ತೆ. ಇಳಿತ ನುಂಗಿಹೋಗೋದು ಅಲ್ಲೇ. ಫ್ಲ್ಯಾಟಿಗೆ ಬ್ಯಾಂಕ್ ಸಾಲ ಇರೋದ್ರಿಂದ ನಿಜ ರೇಟೇ ದಾಖಲಾಗೋದು ಜಾಸ್ತಿ, ಅದನ್ನ ಸ್ವಲ್ಪ ನಂಬಬೋದು.

ಕುಡ್ಲದವ
ಅಂದ್ರೆ ನೋಟ್ ಬ್ಯಾನ್ ಆದ್ಮೇಲೂ ಕ್ಯಾಶ್ ಉಂಟಾ ನಿಮ್ಮಲ್ಲಿ? 🙈

ಮಾಡರೇಟರ್
ಆ ಕಡೆ ಹೋಗ್ಬೇಡಿ, ಥ್ರೆಡ್ ಲಾಕ್ ಮಾಡ್ಬೇಕಾಗತ್ತೆ. ವೈಯಕ್ತಿಕ ಸೈಟ್ ವಿವರ, ಬ್ರೋಕರ್ ನಂಬರ್ ಹಾಕಿದ್ದ ಎರಡು ಕಾಮೆಂಟ್ ತೆಗೆದಿದೀನಿ.

ಹುಬ್ಳಿ_ಮಂದಿ
ಬ್ರೋಕರ್ ನಂಬರ್ ತಗದ್ರ ಬ್ರೋಕರ್ ಹೋಗ್ತಾನೇನ್ರಿ.

ಬಸವನಗುಡಿ_ತಾತ
ಈಗಿನ ಹುಡುಗ್ರಿಗೆ ಗೊತ್ತಿಲ್ಲದ ಇನ್ನೊಂದು ಗುರುತು ಹೇಳ್ತೀನಿ: ಲೀಸು, ಅಂದ್ರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಮನೇಲಿರೋದು. ಬ್ಯಾಂಕ್ ಬಡ್ಡಿ ಜಾಸ್ತಿ ಇದ್ದ ಕಾಲದಲ್ಲಿ ಮನೆ ಕಟ್ಟೋನು ಕೆಳಗಿನ ಪೋರ್ಷನ್ ಲೀಸಿಗೆ ಹಾಕಿ ಆ ದುಡ್ಡಲ್ಲೇ ಮೇಲಿನ ಮಹಡಿ ಏರಿಸ್ತಿದ್ದ. ಬಾಡಿಗೆ ಇಲ್ಲ, ಮೂರು ವರ್ಷಕ್ಕೆ ಅಸಲು ವಾಪಸ್. ಸಾಲ ಅಗ್ಗ ಆದಾಗ ಲೀಸಿನ ಬೋರ್ಡು ಕಮ್ಮಿ ಆಗತ್ತೆ, ಓನರ್‌ಗಳಿಗೆ ಕೈ ಬಿಗಿ ಆದಾಗ ಮತ್ತೆ ಕಾಣ್ಸತ್ತೆ. ಶ್ರೀನಗರ, ಗಿರಿನಗರ, ಕತ್ರಿಗುಪ್ಪೆ ಕಡೆ ನಡೆದು ನೋಡಿ. ನನಗೆ ಯಾವ ಇಂಡೆಕ್ಸಿಗಿಂತಲೂ ಅದೇ ಜಾಸ್ತಿ ಹೇಳತ್ತೆ.

ಬಾಡಿಗೆ_ಭಾಗ್ಯ
ತಾತ, ಲೀಸು ಹುಷಾರು. ಬ್ಯಾಂಕ್ ಸಾಲ ಇರೋ ಮನೇನ ಲೀಸಿಗೆ ಹಾಕಿ, ಕಂತು ಕಟ್ಟದೆ, ಬ್ಯಾಂಕಿನೋರು ಬಂದು ನೋಟಿಸ್ ಅಂಟಿಸಿ ಹೋದ್ರು ನಮ್ಮ ಫ್ರೆಂಡ್ ಮನೆಗೆ. 15 ಲಕ್ಷ ಸಿಕ್ಕಾಕೊಂಡಿದೆ.

ಬಸವನಗುಡಿ_ತಾತ
ಹೌದಮ್ಮಾ. ಲೀಸಿಗೆ ಮುಂಚೆ ಇಸಿ (ಆಸ್ತಿ ಮೇಲೆ ನೋಂದಣಿಯಾದ ಸಾಲ ಇದ್ಯಾ ಅಂತ ತೋರಿಸೋ ಪತ್ರ) ತೆಗೆಸಿ, ಅಗ್ರಿಮೆಂಟ್ ರಿಜಿಸ್ಟರ್ ಮಾಡ್ಸಿ. ಸಾಲ ಇದ್ರೆ ಬ್ಯಾಂಕಿನ ಒಪ್ಪಿಗೆ ಪತ್ರ ಕೇಳಿ. ಕೊಡಲ್ಲ ಅಂದ್ರೆ ಆ ಮನೆ ಬಿಟ್ಬಿಡಿ.

ಸ್ಯಾನ್‌ಹೋಸೆ_ಸೀನ
ಈಗಿನ ಸುತ್ತು ಎಲ್ಲಿದೆ ಅಂತ ಯಾರೂ ಹೇಳ್ಲಿಲ್ಲ. ರೆಪೋ 2025ರಲ್ಲಿ 6.5ರಿಂದ 5.25ಕ್ಕೆ ಇಳಿದಿದೆ. ತಾತನ ಲೆಕ್ಕಕ್ಕೆ ಏರಬೇಕು. ನನ್ನ ತಮ್ಮ ಹೇಳ್ತಾನೆ ಸರ್ಜಾಪುರ ಕಡೆ ಗಿರಾಕಿ ನಿಧಾನ ಆಗಿದಾರೆ ಅಂತ.

ಸೇಲ್ಸ್_ಬಿಟ್ಟೋನು
ಹಳೇ ದೋಸ್ತುಗಳನ್ನ ಕೇಳಿದೆ. ಕ್ಯೂ ಸಣ್ಣ ಆಗಿದೆ, ರೇಟ್‌ಕಾರ್ಡ್ ಹಂಗೇ ಇದೆ. ಎರಡು ಕಡೆ "10% ಈಗ, ಮಿಕ್ಕಿದ್ದು ಆಮೇಲೆ" ಅಂತ ಶುರುವಾಗಿದೆ. ಕ್ಯಾಬ್ ಇನ್ನೂ ಕಳಿಸ್ತಿಲ್ಲ.

ಎಕ್ಸೆಲ್_ಶೀಟು
ಅಂದ್ರೆ ನಿಲ್ಲೋಕೆ ಶುರು. ಜೊತೆಗೆ 2025 ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1%ನಿಂದ 2% ಆಗಿದೆ, ಸ್ಟ್ಯಾಂಪ್ ಡ್ಯೂಟಿ ಸೆಸ್ ಎಲ್ಲ ಸೇರಿ ಏಳೂವರೆ ದಾಟತ್ತೆ. ಕೋಟಿಯ ಮನೆ ತಗೊಂಡು ಎರಡು ವರ್ಷಕ್ಕೆ ಮಾರೋ ಆಟ ಆಡೋರಿಗೆ ಮೊದಲ ಏಳೂವರೆ ಲಕ್ಷ ಅಲ್ಲೇ ಹೋಯ್ತು.

ಕೆಂಗೇರಿ_ಕಿಟ್ಟಿ
ರೀಸೇಲ್ ನೋಡಕ್ಕೆ ಶುರು ಮಾಡಿದೀನಿ. ಅದೇ ರೋಡಲ್ಲಿ ಆರು ವರ್ಷ ಹಳೇ ಫ್ಲ್ಯಾಟು, 88 ಹೇಳ್ತಿದಾರೆ, ಪೋರ್ಟಲ್ಲಲ್ಲಿ ನಾಲ್ಕು ತಿಂಗಳಿಂದ ಇದೆ. ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಪಾಲಿಕೆ ಕೊಡೋ ಪತ್ರ) ಇಲ್ವಂತೆ, "ಬೆಂಗ್ಳೂರಲ್ಲಿ ಯಾರಿಗಿದೆ ಸರ್ ಓಸಿ" ಅಂತಾರೆ ಓನರ್ರು.

ಬಸವನಗುಡಿ_ತಾತ
ಓಸಿ ಇಲ್ಲದ ಮನೇನ ನೀವು ನಾಳೆ ಮಾರಕ್ಕೆ ಹೋದಾಗ ನೀವೂ ಇದೇ ಡೈಲಾಗ್ ಹೇಳ್ಬೇಕಾಗತ್ತೆ. ಯಾವ ಬ್ಯಾಂಕು ಸಾಲ ಕೊಡಕ್ಕೆ ಒಪ್ಪಿದೆ, ಅದು ಮೊದಲು ಕೇಳಿ.

ಬಿ_ಖಾತಾ_ಬೋರಣ್ಣ
ಕಿಟ್ಟಿ ಅವ್ರೇ, ಕೆಂಗೇರಿಯಿಂದ ಅಂದ್ರಹಳ್ಳಿ ಏನ್ ದೂರ ಇಲ್ಲ. ಪೂರ್ವ ದಿಕ್ಕಿನ ಸೈಟು, ಕಾರ್ನರ್. ಇನ್‌ಬಾಕ್ಸ್ ನೋಡಿ.

ಎಕ್ಸೆಲ್_ಶೀಟು
ನೋಡಿ, ಕೊನೆಗೂ ಮಾರೋರು ಒಬ್ರು ಸಿಕ್ಕಿದ್ರು.